ಎಷ್ಟು ಮೊದಲಿನಂಗ?

ನಮ್ಮ ಮನೆಯ ಕಂಪ್ಯೂಟರಿಗೂ ಒಂದು ಕೌದಿಯಿದೆ. ಬೆಟಗೇರಿಯ ಧೂಳನ್ನು ಬಲ್ಲವರು ಇದಕ್ಕೆ ನಗುವುದಿಲ್ಲ, ಅರಿಯದವರು ಬೇಕಾದರೆ ನಗಲಿ. ಹಳೆಯ ಸೀರೆಗಳ ಚೂರುಗಳನ್ನು ಪದರಿನ ಮೇಲೆ ಪದರಿಟ್ಟು, ಸಾಲುಸಾಲಾಗಿ ದಾರ ಹಾಯಿಸಿ ಅದನ್ನು ಹೊಲಿದುಕೊಟ್ಟವಳು ಹಿರೇವಡ್ಡಟ್ಟಿಯ ನೀಲವ್ವತ್ತೆ, ನನ್ನ ತಂದೆಯ ಅಕ್ಕ. ಮನುಷ್ಯರು ಹೊದೆಯುವ ಕೌದಿಯ ಮೂಲೆಗೆ ಇಡುವ ಕುಚ್ಚನ್ನು ಇದಕ್ಕೂ ಮರೆಯದೆ ಇಟ್ಟಿದ್ದಾಳೆ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನಗೆ, ಬೆಳಗಿನ ಚಹಾ ಮುಗಿಸಿ ಆ ಕೌದಿಯನ್ನು ಮಡಚಿಡುವಾಗ ಮೊದಲ ಪಿರಿಯಡ್ಡಿನ ಗಂಟೆ ಕೇಳಿದಂತಾಗುತ್ತದೆ.

ಕೌದಿಯ ಕೆಳಗೆ ನಾನು ಕಾಪಾಡಿಕೊಂಡು ಬಂದದ್ದು ಅತ್ತೆಯ ಒಡಪುಗಳನ್ನು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಬಾಯಿಗೆ ತರುವುದಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಮದುವೆಯಾಗಿ ಮನೆ ತುಂಬುವ ದಿನ ನಾದಿನಿ ಬಾಗಿಲಿಗೆ ಅಡ್ಡ ಕೂತು ಬಿಡುತ್ತಾಳೆ. ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಹೆಸರನ್ನು ಹುದುಗಿಸಿ ಹೇಳಿದರೆ ಮಾತ್ರ ಒಳಗೆ ದಾರಿ. ಆ ಎರಡು ಸಾಲೇ ಒಡಪು. ಪಾಸ್‌ವರ್ಡ್ ಎಂಬುದನ್ನು ಕಂಪ್ಯೂಟರಿನವರು ಕಂಡುಹಿಡಿದರೆಂದು ಹೇಳುವವರಿಗೆ ನಾನು ಈ ಬಾಗಿಲನ್ನು ತೋರಿಸುತ್ತೇನೆ. ಅತ್ತೆಯ ಬಾಯಲ್ಲಿ ಅಂಥವು ನೂರಾರು ಇದ್ದವು. ವರ್ಷಗಟ್ಟಲೆ ಅವಳು ಹೇಳುತ್ತ ಹೋದಳು, ನಾನು ಕೀಲಿಮಣೆ ಕುಟ್ಟುತ್ತ ಹೋದೆ. ಆಮೇಲಾಮೇಲೆ ಅವಳು ನೆನಪಿಟ್ಟುಕೊಳ್ಳುವುದನ್ನೇ ನಿಲ್ಲಿಸಿದಳು. ಕೇಳಿದರೆ, ನಿನ್ನ ಪೆಟಗಿಯಲ್ಲಿ ಇಟ್ಟಾಯಿತಲ್ಲ, ನನಗೇಕೆ ಇನ್ನು ಹೊರೆ ಎಂದು ಕೈ ಝಾಡಿಸುತ್ತಿದ್ದಳು. ಆ ಮಾತು ಕೇಳಿದಾಗೆಲ್ಲ ನನಗೆ ಹೆಮ್ಮೆಯೂ ಆಗುತ್ತಿತ್ತು, ಅಳುಕೂ ಆಗುತ್ತಿತ್ತು.

ಈಗ ಲಕ್ಷ್ಮೇಶ್ವರದಲ್ಲಿ ಅವಳ ಮೊಮ್ಮಗಳ ಮದುವೆ. ಬಂದವರ ಕೈಗೆ ತಟ್ಟೆ ಬಟ್ಟಲಿನ ಬದಲು ಒಡಪಿನ ಪುಸ್ತಕ ಕೊಡಬೇಕೆಂಬುದು ಅತ್ತೆಯ ಹಟ. ಗದಗಿನ ಮುದ್ರಣಾಲಯದವರು ಶನಿವಾರದೊಳಗೆ ಕಡತ ಕೊಡಿ ಎಂದಿದ್ದರು. ಸೀರೆ ಆರಿಸಲು ಬಂದ ಅತ್ತೆ ನನ್ನ ಮನೆಯಲ್ಲೇ ಇಳಿದುಕೊಂಡಿದ್ದಳು. ಅಂಥ ಗುರುವಾರದ ಬೆಳಿಗ್ಗೆ ನಾನು ಒಂದು ಮೂರ್ಖತನ ಮಾಡಿದೆ. ಕಂಪ್ಯೂಟರನ್ನು ಚುರುಕು ಮಾಡಿಕೊಡುತ್ತೇನೆಂದು ಪರದೆಯ ಮೇಲೆ ತಾನಾಗಿ ಕರೆದ ಯಾವುದೋ ಪುಕ್ಕಟೆ ತಂತ್ರಾಂಶಕ್ಕೆ ಹೂಂ ಅಂದುಬಿಟ್ಟೆ. ಅದು ಬಂದು ಕೂತದ್ದೇ ತಡ, ಯಂತ್ರ ತೂಕಡಿಸತೊಡಗಿತು, ಪ್ರಿಂಟರು ಮುನಿಸಿಕೊಂಡಿತು.

ಇಂಥ ಆಪತ್ತಿಗೆಂದೇ ಸಿಸ್ಟಮ್ ರಿಸ್ಟೋರ್ ಎಂಬ ಏರ್ಪಾಡಿದೆಯಷ್ಟೆ. ಯಂತ್ರ ಆಗಾಗ ತನ್ನ ಸ್ಥಿತಿಯನ್ನು ದಿನಾಂಕ ಸಮೇತ ಗುರುತು ಹಾಕಿಟ್ಟುಕೊಳ್ಳುತ್ತದೆ. ಕೆಟ್ಟಾಗ ನಾವು ಒಂದು ದಿನಾಂಕವನ್ನು ಒತ್ತಿದರೆ ಆ ದಿನಕ್ಕೆ ಮರಳುತ್ತದೆ. ನಿಮ್ಮ ಬರಹಗಳನ್ನು ನಾನು ಮುಟ್ಟುವುದಿಲ್ಲ ಎಂದು ಮಾತನ್ನೂ ಕೊಡುತ್ತದೆ. ಇದನ್ನು ಎಷ್ಟು ನಂಬಬಹುದು ಎಂಬ ಬಗ್ಗೆ ಬಲ್ಲವರಲ್ಲಿ ಒಮ್ಮತವಿಲ್ಲ. ಕೆಲವರಿಗೆ ಅದು ಆಪದ್ಬಾಂಧವ. ಇನ್ನು ಕೆಲವರು ಅದು ಅರ್ಧ ಗಂಟೆ ಕಾಯಿಸಿ ಕೊನೆಗೆ ಆಗಲಿಲ್ಲ ಎಂದು ಕೈಯೆತ್ತಿದ ಕಥೆ ಹೇಳುತ್ತಾರೆ. ಜಾಗ ಸಾಲದಾದರೆ ಹಳೆಯ ಗುರುತುಗಳನ್ನು ಅದು ತಾನೇ ಅಳಿಸಿಹಾಕುವುದೂ ಉಂಟು.

ಅತ್ತೆಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಯಂತ್ರವನ್ನು ಮೊದಲಿನಂತೆ ಮಾಡುತ್ತೇನೆ ಎಂದೆನಷ್ಟೆ. ಅವಳು ಅವರೆಕಾಯಿ ಬಿಡಿಸುತ್ತ ಕೇಳಿದಳು:

"ಎಷ್ಟು ಮೊದಲಿನಂಗ, ಶಾಂತವ್ವಾ? ನಿನ್ನಿಯಂಗೋ, ನಾ ಲಗ್ನ ಆಗಿ ಬಂದಾಗಿನಂಗೋ?"

ನಾನು ನಕ್ಕು ಯಂತ್ರದ ಕಡೆ ತಿರುಗಿದೆ. ಪರದೆಯ ಮೇಲೆ ನಾಲ್ಕು ದಿನಾಂಕಗಳಿದ್ದವು. ಹಳೆಯ ಹುಣಸೆಹಣ್ಣಿಗೆ, ಹಳೆಯ ಅಕ್ಕಿಗೆ ಹೆಚ್ಚು ಬೆಲೆಯೆಂದು ನಂಬಿ ಬೆಳೆದ ಕೈ ನನ್ನದು. ಅದು ತಾನಾಗಿ ಎಲ್ಲಕ್ಕಿಂತ ಹಳೆಯ ದಿನಾಂಕವನ್ನೇ ಒತ್ತಿತು.

ಯಂತ್ರ ಎದ್ದಿತು, ಚುರುಕಾಗಿಯೇ ಎದ್ದಿತು. ಒಡಪಿನ ಕಡತ ತೆರೆದೆ. ಒಂದು ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ಎಂಥೆಂಥವೋ ವಿಕಾರಗಳು ಪುಟದಿಂದ ಪುಟಕ್ಕೆ ಹರಿದಾಡುತ್ತಿದ್ದವು. ಅತ್ತೆಗೆ ಹೇಳದೆ ಇರುವುದು ಹೇಗೆ? ಹೇಳಿದೆ. ಯಾರಾದರೂ ಹೊಸ್ತಿಲ ಮೇಲೆ ಕೂತರೆ ಗದರಿಸಿ ಎಬ್ಬಿಸುವ ಅತ್ತೆ, ನನ್ನ ಕೋಣೆಯ ಹೊಸ್ತಿಲ ಮೇಲೆ ತಾನೇ ಕುಸಿದಳು. ಅವಳು ನನ್ನನ್ನು ಬಯ್ಯಲಿಲ್ಲ. ಮೊದಲನೆಯ ಒಡಪನ್ನು ನೆನಪು ಮಾಡಿಕೊಳ್ಳಲು ಹೋಗಿ, ಬೆಟಗೇರಿ ಸೀರಿ ಎಂದಳು, ಮುಂದಿನದು ಬರಲಿಲ್ಲ. ತುಟಿ ಅಲುಗುತ್ತಲೇ ಇತ್ತು. ಅದನ್ನು ನೋಡುವುದು ನನ್ನಿಂದಾಗದೆ ಪರದೆಗೆ ಮುಖ ತಿರುಗಿಸಿದೆ.

ಹಾಗೆ ತಿರುಗಿಸಿದ್ದೇ ಒಳ್ಳೆಯದಾಯಿತು. ಅರ್ಥವಿಲ್ಲದ ಆ ಸಂತೆಯನ್ನು ದಿಟ್ಟಿಸುತ್ತಿದ್ದಂತೆ, ಮೊದಲ ಸಾಲಿನ ಕೊನೆಯಲ್ಲಿ ಒಂದು ಕೆ, ಅದರ ಬೆನ್ನಿಗೆ ಒಂದರ ಕೆಳಗೆ ನಾಲ್ಕು ಬರೆದ ಕಾಲು ಭಾಗದ ಗುರುತು, ಗೀಟು ಹೊತ್ತ ಒಂದು ಎ, ಎರಡು ಚುಕ್ಕೆ ಹೊತ್ತ ಇನ್ನೊಂದು ಎ ಕಂಡವು. ಎರಡನೆಯ ಸಾಲಿನ ಕೊನೆಯಲ್ಲೂ ಅವೇ, ಅದೇ ಕ್ರಮದಲ್ಲಿ. ಮುಂದಿನ ಜೋಡಿ ಸಾಲು ನೋಡಿದೆ. ಬಾಲ ಬೇರೆ, ಆದರೆ ಎರಡಕ್ಕೂ ಒಂದೇ ಬಾಲ. ಅದರ ಮುಂದಿನದಕ್ಕೂ ಹಾಗೆಯೇ. ಇಷ್ಟು ವರ್ಷ ಮಕ್ಕಳಿಗೆ ಅಂತ್ಯಪ್ರಾಸ ಕಲಿಸಿದವಳಿಗೆ ಪ್ರಾಸದ ಗುರುತು ತಪ್ಪೀತೇ? ಕಸಕ್ಕೆ ಪ್ರಾಸವಿರುವುದಿಲ್ಲ. ಒಡಪುಗಳು ಒಂದೂ ಹೋಗಿರಲಿಲ್ಲ; ಹೋದದ್ದು ಅವುಗಳ ಉಡುಪು.

ಆಗ ಎಲ್ಲ ತಿಳಿಯಾಯಿತು. ನಾನು ಬಳಸುವುದು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ರೂಪ ತೊಡಿಸುವ ಹಳೆಯ ಕಾಲದ ಫಾಂಟು. ಅದಿಲ್ಲದಿದ್ದರೆ ಕನ್ನಡ ಹೀಗೆ ವೇಷ ಮರೆಸಿಕೊಂಡು ನಿಲ್ಲುತ್ತದೆ. ಎರಡು ತಿಂಗಳ ಹಿಂದೆ ರಿಪೇರಿಗೆ ಹೋದ ಯಂತ್ರ, ನನ್ನ ಹಳೆಯ ಕಡತಗಳನ್ನು ನಕಲು ಮಾಡಿಸಿಕೊಂಡ ಹೊಸ ಹಾರ್ಡ್‌ಡಿಸ್ಕಿನೊಂದಿಗೆ ಮನೆಗೆ ಬಂತು; ಮರುದಿನ ನಾನು ಫಾಂಟು ಹಾಕಿಕೊಂಡೆ. ನಾನು ಆರಿಸಿದ ಅತಿ ಹಳೆಯ ದಿನಾಂಕ ಆ ಮರುದಿನಕ್ಕೂ ಹಿಂದಿನದು. ಯಂತ್ರ ಕೊಟ್ಟ ಮಾತಿಗೆ ತಪ್ಪಿರಲಿಲ್ಲ, ಬರಹ ಮುಟ್ಟಿರಲಿಲ್ಲ. ಫಾಂಟು ಇನ್ನೂ ಹುಟ್ಟಿರದ ದಿನಕ್ಕೆ ಅದನ್ನು ಅಟ್ಟಿದವಳು ನಾನು. ಎಷ್ಟು ಮೊದಲಿನಂಗ ಎಂದು ಅತ್ತೆ ಕೇಳಿದ್ದಕ್ಕಿಂತ ಜಾಣ ಪ್ರಶ್ನೆಯನ್ನು ಈ ವಿಷಯದಲ್ಲಿ ಯಾವ ತಂತ್ರಜ್ಞನೂ ಕೇಳಲಾರ. ಹಿಂದಕ್ಕೆ ಹೋಗುವ ಬಯಕೆ ಯಾರಿಗಿಲ್ಲ ಹೇಳಿ? ಆದರೆ ಹೋದಷ್ಟು ಹಿಂದೆ, ನಡುವೆ ದಕ್ಕಿದ್ದು ಯಾವುದೂ ನಮ್ಮ ಜೊತೆ ಬರುವುದಿಲ್ಲ.

ಗುಂಡಿಗಳನ್ನು ಹಾಕಿಡುವ ಸ್ಟೀಲಿನ ಡಬ್ಬಿಯಲ್ಲಿ ಫಾಂಟಿನ ಪೆನ್‌ಡ್ರೈವ್ ಇತ್ತು. ಯಾರನ್ನೂ ಕರೆಯಲಿಲ್ಲ, ನಾನೇ ಹಾಕಿದೆ. ಕಡತ ಮುಚ್ಚಿ ತೆರೆದೆ. ತುಂಬಿದ ಮನೆಯ ಹೆಂಗಸರಂತೆ ಅಕ್ಷರಗಳೆಲ್ಲ ಒಮ್ಮೆಗೇ ಹೊರಗೆ ಬಂದು ನಿಂತವು. ಗೆದ್ದೆ ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ, ಹೊಸ್ತಿಲ ಕಡೆ ತಿರುಗಿ, ತರಗತಿಯಲ್ಲಿ ಓದುತ್ತಿದ್ದ ಅದೇ ದನಿಯಲ್ಲಿ ಮೊದಲನೆಯದನ್ನು ಓದಿದೆ:

"ಬೆಟಗೇರಿ ಸೀರಿಗೆ ಬಣ್ಣ ಏಳು,
ಬಸಪ್ಪನವರ ಹೆಸರು ಹೇಳೇನಿ, ನಾದಿನಿ, ಹೊಸ್ತಿಲ ಬಿಟ್ಟು ಏಳು."

ಅತ್ತೆ ಹೊಸ್ತಿಲ ಬಿಟ್ಟು ಎದ್ದಳು. ಎದ್ದವಳೇ ಎರಡನೆಯದನ್ನು ನಾನು ಓದುವ ಮೊದಲೇ ಹೇಳಿದಳು, ಮೂರನೆಯದನ್ನೂ ಹೇಳಿದಳು, ನಾಲ್ಕನೆಯದಕ್ಕೆ ನನ್ನನ್ನೇ ತಿದ್ದಿದಳು. ಶುಕ್ರವಾರವೇ ಕಡತ ಗದಗ ಸೇರಿತು.

ಅಂದು ಕೆಲಸ ಮುಗಿಸಿ ನಾನು ಎಂದಿನಂತೆ ಕೌದಿ ಕೈಗೆತ್ತಿಕೊಂಡೆ. ಅದರ ಒಂದು ಚೂರು ಅತ್ತೆಯ ಮದುವೆಯ ಸೀರೆಯದು, ಒಂದು ನನ್ನವ್ವನದು. ಯಾವ ಸೀರೆಯೂ ಮೊದಲಿನಂತಿಲ್ಲ, ಯಾವುದೂ ಕಳೆದುಹೋಗಿಲ್ಲ. ಹೊದಿಸಲು ಹೋದವಳ ಕೈ ಹಿಡಿದು ಅತ್ತೆ ತಡೆದಳು. "ಇವತ್ತೊಂದಿನ ಹೊಚ್ಚಬ್ಯಾಡ. ಗೆದ್ದು ಬಂದೈತಿ, ಎಲ್ಲಾರೂ ಮಾರಿ ನೋಡ್ಲಿ," ಎಂದು ಕೌದಿಯನ್ನು ತನ್ನ ಹೆಗಲಿಗೇ ಹಾಕಿಕೊಂಡು ಅಡುಗೆಮನೆಗೆ ನಡೆದಳು.