ನಾನು ಹುರಿದು ತಿಂದ ಕುಂಬಳ

ಬೀಜ ತಿನ್ನುವ ವಿಷಯದಲ್ಲಿ ನನ್ನಷ್ಟು ತಿಳಿದವರು ಸಿರಾ ತಾಲ್ಲೂಕಿನಲ್ಲೇ ಇಲ್ಲ ಎಂಬ ಧೈರ್ಯ ನನಗೆ ಈಗಲೂ ಇದೆ. ಇದು ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಮೈಸೂರಿನ ಅನ್ನ, ತಿಳಿಸಾರು ಉಂಡು ಬೆಳೆದ ನಾನು ಬರಗೂರಿನ ಸ್ಕೂಲಿಗೆ ಮೇಷ್ಟರಾಗಿ ಬಂದಾಗ ಹುಡುಗರು ಪಾಠಕ್ಕಿಂತ ನನ್ನ ಪಕ್ಕೆಲುಬುಗಳನ್ನೇ ಹೆಚ್ಚು ಗಮನಿಸುತ್ತಿದ್ದರು. ಮಧುಗಿರಿಯ ಪಂಡಿತರೊಬ್ಬರು ನಾಡಿ ಹಿಡಿದು, "ಔಷಧ ಬೇಡ, ದಿನಾ ಒಂದು ಹಿಡಿ ಬೀಜ ತಿನ್ನಿ" ಎಂದರು.

ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ನಿಂಗಮ್ಮ ಹುಚ್ಚೆಳ್ಳು ಹುರಿದು ಕುಟ್ಟಿದ ಪುಡಿಯನ್ನು ಮುದ್ದೆಯ ಪಕ್ಕಕ್ಕೆ ಬಡಿಸತೊಡಗಿದರು. ತಿಂಗಳೊಳಗೆ ಕೋಟಿನ ಗುಂಡಿ ಬಿಗಿಯಾಯಿತು. ಆಮೇಲೆ ನಾನು ಸುಮ್ಮನಿರಲಿಲ್ಲ. ಹೆರಿಗೆಗೆ ತವರಿಗೆ ಹೋಗಿದ್ದ ಹೆಂಡತಿಗೆ ಕಾಗದದ ತುಂಬ ಎಳ್ಳು, ಅಗಸೆಗಳ ಮಹಿಮೆಯನ್ನೇ ಬರೆದೆ. ಗಿಡವೂ ತಾಯಿಯೇ ತಾನೆ? ಮಗು ದೂರ ಹೋಗುತ್ತದೆಂದು ಇದ್ದ ಸಾರವನ್ನೆಲ್ಲ ಬೀಜಕ್ಕೇ ಬುತ್ತಿ ಕಟ್ಟುತ್ತದೆ. ಆ ಬುತ್ತಿ ಯಾರ ಮಗುವಿನದೆಂದು ಮಾತ್ರ ನಾನು ಯೋಚಿಸಿರಲಿಲ್ಲ.

ಒಮ್ಮೆ ನಿಂಗಮ್ಮ ನೆಂಟರ ಮನೆಗೆ ಹೊರಟವರು, "ಗೂಡ್ನಾಗೆ ಕುಡ್ಕೆ ಐತೆ, ಹುಚ್ಚೆಳ್ಳು ತಕ್ಕಳಿ ಮೇಷ್ಟ್ರೇ" ಎಂದರು. ಗೋಡೆಯ ಗೂಡಿನಲ್ಲಿದ್ದದ್ದು ಎರಡು ಕುಡಿಕೆ. ಒಂದರಲ್ಲಿ ಕುಂಬಳದ ಬೀಜ, ಮೇಲೆಲ್ಲ ಬೂದಿ. ಪಾಪ, ಒಲೆಯ ಬೂದಿ ಬಿದ್ದಿದೆ ಎಂದುಕೊಂಡು ಮೂರು ನೀರಿನಲ್ಲಿ ತೊಳೆದೆ, ತುಪ್ಪದಲ್ಲಿ ಹುರಿದೆ. ಬಹಳ ರುಚಿಯಾಗಿತ್ತು, ಒಂದೂ ಉಳಿಯಲಿಲ್ಲ. ಬೂದಿ ಬೆರೆಸಿಟ್ಟದ್ದು ಬಿತ್ತನೆಗೆ ಎಂಬುದು ನನ್ನ ಎರಡನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಮೊದಲ ಮಳೆ ಬಿದ್ದ ಬೆಳಿಗ್ಗೆ ನಿಂಗಮ್ಮ ತಿಪ್ಪೆಯ ಪಕ್ಕ ಗುಂಡಿ ತೋಡಿ, ಕುಡಿಕೆಗೆ ಕೈ ಹಾಕಿದರು. ನಾನು ಒಪ್ಪಿಕೊಂಡೆ. ಅವರು ಖಾಲಿ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತರು.

"ಮದ್ವೇಲಿ ನಮ್ಮವ್ವ ಮಡ್ಲಿಗಾಕಿದ್ ಬೀಜ ಕಣ್ ಮೇಷ್ಟ್ರೇ. ಅವ್ವ ಇಲ್ಲ, ತವರ್ನಾಗೂ ಆ ಬಳ್ಳಿ ಇಲ್ಲ."

ನನಗೆ ನಿಜವಾಗಿ ಅಳು ಬಂತು. ಪಂಡಿತರ ಮೇಲೂ ಸಿಟ್ಟು ಬಂತು.

ಸಂಜೆ ಅವರೇ ನೆನೆಸಿಕೊಂಡರು: ಹಿಂದಿನ ವರ್ಷ ಸಿರಾದ ಬಳೆಗಾರ ಸಾಬರ ಹೆಂಡತಿಗೆ ಹತ್ತು ಬೀಜ ಕೊಟ್ಟಿದ್ದರು. ಭಾನುವಾರ, ಇದ್ದಿಲ ಹೊಗೆಯಿಂದ ಓಡುತ್ತಿದ್ದ ಆ ಕಾಲದ ಬಸ್ಸಿನಲ್ಲಿ ಮಸಿ ಬಳಿದುಕೊಂಡು ಸಿರಾಕ್ಕೆ ಹೋದೆ. ಆಕೆ ಕಥೆ ಕೇಳಿ, ಸೆರಗು ಬಾಯಿಗಿಟ್ಟು ನಕ್ಕು, "ಅರೇ ಅಲ್ಲಾ! ತುಪ್ದಾಗೆ ಹುರಿದ್ರಾ?" ಎಂದರು. ಹತ್ತಕ್ಕೆ ಬದಲು ಒಂದು ಹಿಡಿ ಕೊಟ್ಟರು. ಆ ಹಿಡಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, ದಾರಿಯುದ್ದಕ್ಕೂ ಕೈಬಿಡದೆ ತಂದೆ.

ನಿಂಗಮ್ಮ ಎಣಿಸದೆ ಊರಿದರು. ಕೊನೆಗೆ ಉಳಿದ ನಾಲ್ಕು ಬೀಜಗಳನ್ನು ನನ್ನ ಅಂಗೈಗೇ ಹಾಕಿದರು. ನಾನು ಕೈ ಹಿಂದಕ್ಕೆಳೆದೆ. ಬೆಕ್ಕಿನ ಕೈಗೆ ಯಾರಾದರೂ ಹಾಲು ಕೊಡುತ್ತಾರೆಯೇ?

"ಇಡ್ಕಳಿ. ಅಮ್ಮಾವ್ರು ಕೂಸು ಎತ್ಕಂಡು ಬಂದ್ಮೇಲೆ ನಿಮ್ಮನೆ ಹಿತ್ಲಾಗೆ ಎಲ್ಲಾನಾ ಊರಿ. ನಾ ಮಡಿಕ್ಕಂಡಿದ್ದು ಹೋಯ್ತು, ಕೊಟ್ಟಿದ್ದು ಉಳೀತು. ಇನ್ನೊಂದ್ ಸಲ ನಾ ಕಳ್ಕಂಡ್ರೆ, ಬೀಜ ಕೇಳ್ಕಂಡು ನಿಮ್ಮನೆ ಬಾಗ್ಲಿಗೇ ಬತ್ತೀನಿ."