ಕುಪ್ಪೇಲೂರಿನ ಖಾಲಿ ಜುಲೈ

ಎಂಬತ್ತರ ದಶಕದ ಕೊನೆಗೆ ನನಗೆ ಸಿಕ್ಕಿದ್ದ ಕೆಲಸ ಇಷ್ಟೇ: ಮುಂಗಾರು ವರ್ಷದಿಂದ ವರ್ಷಕ್ಕೆ ಯಾಕೆ ಏರುಪೇರಾಗುತ್ತದೆಂದು ತಿಳಿಯಬೇಕಾದವರಿಗೆ ಹಳ್ಳಿಗಳ ಮಳೆಪುಸ್ತಕ ನಕಲು ಮಾಡಿಕೊಡುವುದು. ಕುಪ್ಪೇಲೂರಿನಲ್ಲಿ ದಿನಾ ಮಳೆ ಅಳೆದು ಬರೆಯುತ್ತಿದ್ದವರು ಮೌಲಾಸಾಬ್ರು. ಅವರು ಒಂದು ದಿನವೂ ತಪ್ಪಿಸಿರಲಿಲ್ಲ, ಒಂದು ಜುಲೈ ಬಿಟ್ಟು. ಆ ಹಾಳೆ ಪೂರ್ತಿ ಖಾಲಿ.

"ಇದನ್ಯಾಕ ಬರದಿಲ್ರಿ?" ಎಂದೆ.

"ಆ ತಿಂಗಳ ಪೂರಾ ನಮ್ಮ ಮನಿಯಾಕಿ ಹಾಸಿಗಿ ಹಿಡದಿದ್ಳರಿ. ಕಡೀಕ ತೀರಿಕೊಂಡ್ಳು. ಬರಿಯಾಕ ಕೈ ಏಳಲಿಲ್ಲ. ಆದ್ರ ಒಂದ ಹನಿ ಸುದ್ದಾ ಬಿದ್ದಿಲ್ರಿ, ಬರೇ ಗಾಳಿ. ಸೊನ್ನಿ ಅಂತ ಬರಕೋರಿ."

"ನೆನಪಿನ ಮ್ಯಾಲೆ ಬರಿಯಾಕ ಬರೂದಿಲ್ರಿ."

"ನೆನಪಲ್ರಿ ಇದು. ಆಕಿ ಗೋರಿ ತೋಡಾಕ ಮುಂಜಾನೆ ಹಚ್ಚಿದವ್ರು ಸಂಜೀ ಮುಂದಿನ ಅಸರ್ ನಮಾಜಿನ ತನಕಾ ತೋಡಿದ್ರು. ಕರೀ ಎರಿ ಭೂಮಿ ಒಣಗಿ ಕಲ್ಲಾಗಿತ್ತು. ಎರಡು ಗುದ್ದಲಿ ಕಾವು ಮುರದ್ವು. ನಾನ ನಿಂತು ನೋಡೇನ್ರಿ."

ಬರೆಯದ ತಿಂಗಳಿಗೆ ಅಕ್ಕಪಕ್ಕದ ಊರುಗಳ ಸರಾಸರಿ ತುಂಬಬೇಕೆಂಬುದು ನಮ್ಮ ನಿಯಮ. ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಆಗ ಒಂದೆರಡು ಹದವಾದ ಮಳೆ ಬಿದ್ದಿದ್ದವು. ತಡವರಿಸುತ್ತಲೇ ಅದನ್ನು ಹೇಳಿದೆ.

"ಅವರೂರಿನ ಮಳಿ ತಂದು ನಮ್ಮೂರಿಗೆ ಹಂಚ್ತೀರೇನ್ರಿ?" ಎಂದು ಪುಸ್ತಕ ಮುಚ್ಚಿದರು. ಆಮೇಲೆ, "ಕುಂದ್ರಿ, ಚಾ ಮಾಡ್ತೇನಿ" ಎಂದು ಎದ್ದರು. ಒಳಗೆ ಒಬ್ಬರೇ ಒಲೆ ಊದುವುದು ಕೇಳಿಸುತ್ತಿತ್ತು.

ಸರಾಸರಿ ತುಂಬಿದ ನನ್ನ ಪಟ್ಟಿ ಮುಂದೆ ಮಳೆಯ ನಕ್ಷೆಯಾಯಿತು. ಕುಪ್ಪೇಲೂರಿಗೆ ತಿಳಿಹಸಿರು ಬಣ್ಣ ಬಂದಿದೆ. ಎರಡು ಗುದ್ದಲಿಯ ಕಾವು ಮುರಿದ ಆ ನೆಲದ ಮೇಲೆ, ನನ್ನ ಕೈಬರಹದ ಪ್ರಕಾರ, ಆ ಜುಲೈನಲ್ಲಿ ಸಾಧಾರಣ ಮಳೆಯಾಗಿದೆ.