ಹಂಪಯ್ಯನ ಆಟೋದ ಕಂಡಕ್ಟರಮ್ಮ

ರಾಯಚೂರು ಕಡೆಯ ಹಂಪಯ್ಯ ಹದಿನೆಂಟು ವರ್ಷದಿಂದ ಕಾಚಿಗೂಡದ ಮಕ್ಕಳನ್ನು ಆಟೋದಲ್ಲಿ ತಾರ್ನಾಕದ ಶಾಲೆಗೆ ಮುಟ್ಟಿಸುತ್ತಿದ್ದಾನೆ. ಸಿಗ್ನಲ್ಲಿನಲ್ಲಿ ಮೂರು ಭಾಷೆಯಲ್ಲಿ ಜಗಳ ತೆಗೆಯುವ ಅವನ ಬಾಯಿ ಮಕ್ಕಳ ಮುಂದೆ ಬೆಣ್ಣೆ. ಯಾರ ಪಕ್ಕ ಯಾರು ಕೂತಿದ್ದಾರೆಂದು ಕನ್ನಡಿಯಲ್ಲಿ ನೋಡಿದರೆ ಸಾಕು, ಯಾರಿಗೆ ಯಾರ ಮೇಲೆ ಮುನಿಸು ಎಂಬುದು ಅವನಿಗೆ ತಿಳಿದುಬಿಡುತ್ತದೆ. ಹೆತ್ತವರಿಗೆ ಅದು ಗೊತ್ತಾಗುವುದು ಎರಡು ದಿನ ತಡವಾಗಿ.

ಒಂದು ಸೋಮವಾರ ಶಾಲೆ ಬಿಟ್ಟ ಮೇಲೆ ಪೂರ್ವಿ ಮತ್ತು ವರ್ಷಾ ಬೇರೆ ಬೇರೆ ಕೂತರು. ಇಬ್ಬರಿಗೂ ಆರು ವರ್ಷ. ಅಲ್ಲಿಯ ತನಕ ಅಂಟಿಕೊಂಡೇ ಕೂತವರು. ಪೂರ್ವಿಯ ಕಣ್ಣು ಕೆಂಪಗಿತ್ತು.

“ಏನಾತವ್ವಾ?” ಎಂದ ಹಂಪಯ್ಯ.

“ವರ್ಷಾ ಟೂ ಬಿಟ್ಟಾಳ್ರಿ ಅಂಕಲ್. ಆಕಿ ಹಲ್ಲು ಬಿದ್ದಿತ್ತು. ನಾ ಓಡಿಹೋಗಿ ಟೀಚರ್‌ಗೆ ಹೇಳಿಬಿಟ್ಟೆ.”

ಅಯ್ಯೋ, ಮೊದಲ ಹಲ್ಲು ಬಿದ್ದ ಸುದ್ದಿ! ವರ್ಷಾ ತರಗತಿಯೊಳಗೆ ಕಾಲಿಡುವಷ್ಟರಲ್ಲಿ ಅದು ಹಳಸಿಹೋಗಿತ್ತು. ತಪ್ಪು ಪೂರ್ವಿಯದೇ. ಆದರೂ ಅವಳ ಸಪ್ಪೆ ಮುಖ ನೋಡಲಾಗದೆ ಹಂಪಯ್ಯ ಅವಳನ್ನು ಮುಂದಿನ ಸೀಟಿಗೆ ಕರೆದು ಕಂಡಕ್ಟರ್ ಮಾಡಿದ. ಮಕ್ಕಳನ್ನು ಕೂರಿಸುವುದು, ಸರಳು ಬಡಿದು “ರೈಟ್ ರೈಟ್” ಅನ್ನುವುದು ಅವಳ ಕೆಲಸ. ಅವಳು “ರೈಟ್” ಅನ್ನದೆ ಗಾಡಿ ಹೊರಡುವಂತಿಲ್ಲ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಮರುದಿನವೇ ಪೂರ್ವಿ ವರ್ಷಾಳನ್ನು ಹಿಂದಿನ ಮರದ ಹಲಗೆಗೆ ತಳ್ಳಿದಳು. ಬುಧವಾರ ವರ್ಷಾಳ ಚೀಲವನ್ನೂ ಆಕೆಯ ತೊಡೆಯ ಮೇಲೇ ಇರಿಸಿದಳು. “ಜಾಗಾ ಇಲ್ಲ, ಸರೀರಿ!” ಎಂದು ಗದರಿದಳು. ಉಳಿದ ಮಕ್ಕಳು ನಕ್ಕರು, ವರ್ಷಾ ಅಳು ನುಂಗಿಕೊಂಡಳು. ಹಂಪಯ್ಯ ಇದನ್ನೆಲ್ಲ ಕನ್ನಡಿಯಲ್ಲಿ ನೋಡಿದ. “ಗಣಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದೆ” ಎಂದು ತನ್ನನ್ನೇ ಬೈದುಕೊಂಡ.

ಗುರುವಾರ ಮನೆಯ ಗೇಟಿನಲ್ಲಿ ವರ್ಷಾ ಇರಲಿಲ್ಲ. “ಹೊಟ್ಟಿ ನೋವಂತ್ರಿ, ಇವತ್ತ ಬರಂಗಿಲ್ಲ” ಎಂದು ಅವಳ ತಾಯಿ ಕಾವ್ಯಾ ಬಾಲ್ಕನಿಯಿಂದ ಕೂಗಿದಳು. ಅದೆಂಥ ಹೊಟ್ಟೆನೋವೆಂದು ಹಂಪಯ್ಯನಿಗೂ ಗೊತ್ತು, ಪೂರ್ವಿಗೂ ಗೊತ್ತು. ಬೈಯಬೇಕು ಅನಿಸಿತು. ಬೈಯಲಿಲ್ಲ, ಕಂಡಕ್ಟರ್ ಪಟ್ಟ ಕಟ್ಟಿದವನು ತಾನೇ ಅಲ್ಲವೇ? ಇಂಜಿನ್ ಆರಿಸಿದ.

“ಹೋಗೂಣೋ ಬ್ಯಾಡೋ, ನೀನ ಹೇಳವ್ವಾ ಕಂಡಕ್ಟರಮ್ಮ.”

ಪೂರ್ವಿ ಸರಳು ಹಿಡಿದಳು. ಬಡಿಯಲಿಲ್ಲ. ಹಿಂದೆ ಮಕ್ಕಳು “ಲೇಟಾಗ್ತೈತಿ!” ಎಂದು ಗಲಾಟೆ ಎಬ್ಬಿಸಿದರು. ಅವಳು ಸರಳು ಬಿಟ್ಟು ಹಂಪಯ್ಯನ ಕಡೆ ತಿರುಗಿದಳು.

“ಆಕಿ ಇಲ್ಲದ ನಾ ರೈಟ್ ಹೇಳಂಗಿಲ್ರಿ.”

ಇಳಿದು ಗೇಟಿನ ಬಳಿ ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದಳು: “ವರ್ಷಾ! ನಂದ ತಪ್ಪು! ಬಾ ಹೊರಗ!”

ಎರಡು ನಿಮಿಷ ಯಾರೂ ಬರಲಿಲ್ಲ. ಹಂಪಯ್ಯ ಊರಿನ ದೇವರನ್ನೆಲ್ಲ ನೆನೆದ. ಕೊನೆಗೆ ಬಾಗಿಲು ತೆರೆಯಿತು. ಹೊಟ್ಟೆನೋವಿನ ಹುಡುಗಿ ಯೂನಿಫಾರ್ಮ್ ಹಾಕಿಕೊಂಡು, ಬುತ್ತಿ ಹಿಡಿದುಕೊಂಡೇ ನಿಂತಿದ್ದಳು.

ಇಬ್ಬರೂ ಹೋಗಿ ಹಲಗೆಯ ಮೇಲೇ ಒತ್ತಿಕೊಂಡು ಕೂತರು. ದಾರಿಯಲ್ಲಿ ವರ್ಷಾ ಪೂರ್ವಿಯ ಕಿವಿಯಲ್ಲಿ ಬಹಳ ಹೊತ್ತು ಏನೋ ಪಿಸುಗುಟ್ಟಿದಳು. ಪೂರ್ವಿಯ ಕಣ್ಣುಗಳು ಅಗಲವಾದವು. ಹಂಪಯ್ಯನಿಗೆ ತಡೆಯಲಾಗಲಿಲ್ಲ. “ಏನಂತವ್ವಾ, ನಮಗೂ ಹೇಳ್ರಿ!”

ಪೂರ್ವಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬೆರಳ ಸಂದಿಯಿಂದ ಹೇಳಿದಳು: “ಅದು ಆಕಿ ಸುದ್ದಿರಿ ಅಂಕಲ್. ಆಕೀನ ಹೇಳ್ತಾಳ.”